ಗೇರಿನ ಸೈಕಲ್ಲಿಗೆ ಮೂರು ದಪ್ಪ ಕೊಂಡಿ

1979ರ ದಸರೆಯ ಮರುವಾರ ಸೇಡಂನಿಂದ ಚಂದಾಪುರದವರೆಗೆ ನಡೆದ ಸೈಕಲ್ ಸ್ಪರ್ಧೆಯಲ್ಲಿ ಭಂಕೂರಿನ ಕಲ್ಲು ಕಾರ್ಮಿಕನೊಬ್ಬ ಎರಡನೆಯವನಾಗಿ ಗುರಿ ಮುಟ್ಟಿದ. ಅದೇ ದಿನ ಸಂಜೆ, ಅವನು ಓಡಿಸಿದ ಸೈಕಲ್ಲನ್ನು ಅದರ ಒಡೆತನವಿದ್ದ ಕ್ರೀಡಾ ಕ್ಲಬ್ಬು ಅವನಿಂದ ವಾಪಸ್ ತೆಗೆದುಕೊಂಡಿತು.

ಸ್ಪರ್ಧೆಯ ಸುದ್ದಿಯನ್ನು ಗುಲ್ಬರ್ಗಾದ ದಿನಪತ್ರಿಕೆಗೆ ಕಳಿಸಿದವನು ನಾನು. ನನ್ನ ಸುದ್ದಿಯಲ್ಲಿ ಮೇಲಿನ ಮೊದಲನೆಯ ವಾಕ್ಯವಿತ್ತು, ಎರಡನೆಯದು ಇರಲಿಲ್ಲ. ಶಹಾಬಾದಿನಲ್ಲಿ ನನ್ನದು ಬಾಡಿಗೆ ಮತ್ತು ರಿಪೇರಿಯ ಸೈಕಲ್ ಅಂಗಡಿ. ಅದರ ಜೊತೆಗೆ ಪತ್ರಿಕೆಯ ಬಾತ್ಮೀದಾರಿಕೆ. ಆ ಸೈಕಲ್ಲನ್ನು ರಿಪೇರಿ ಮಾಡಿದವನೂ ನಾನೇ. ತಾನು ಕೈ ಹಾಕಿದ ಸಂಗತಿಯನ್ನು ಬಾತ್ಮೀದಾರ ಬರೆಯಬಾರದು ಎಂಬುದು ನಾನು ಕಲಿತ ಪಾಠ, ಆದ್ದರಿಂದ ಬರೆಯಲಿಲ್ಲ. ಈಗ ಅಂಗಡಿಯೂ ಇಲ್ಲ, ಪತ್ರಿಕೆಯ ಕೆಲಸವೂ ಇಲ್ಲ. ಸಿಟ್ಟು ಮಾತ್ರ ಇದೆ. ಅದನ್ನು ಬದಿಗಿಟ್ಟು, ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಸೈಕಲ್ಲು ಹಳೆಯದು. ನಮ್ಮ ಕಡೆಯ ಕಾರ್ಖಾನೆಯೊಂದಕ್ಕೆ ಯಂತ್ರ ಕೂಡಿಸಲು ಬಂದಿದ್ದ ವಿದೇಶಿ ಎಂಜಿನಿಯರೊಬ್ಬರು ತಮ್ಮ ದೇಶದಿಂದ ತರಿಸಿಕೊಂಡು, ಹೋಗುವಾಗ ಕಾರ್ಖಾನೆಯ ಕ್ಲಬ್ಬಿಗೆ ಬಿಟ್ಟುಹೋದದ್ದು. ಹಿಂದಿನ ಗಾಲಿಗೆ ಸಣ್ಣದರಿಂದ ದೊಡ್ಡದರವರೆಗೆ ಐದು ಹಲ್ಲುಚಕ್ರಗಳು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸಲು ಡಿರೇಲರ್. ಅದೊಂದು ಸ್ಪ್ರಿಂಗಿನ ತೋಳು. ಹಿಂದಿನ ಗಾಲಿಯ ಪಕ್ಕದಲ್ಲಿ ಕೊಕ್ಕೆಯಿಂದ ಕೆಳಗೆ ನೇತಾಡುತ್ತದೆ, ಅದರೊಳಗೆ ಎರಡು ಸಣ್ಣ ಗಾಲಿ. ಚೈನು ಆ ಎರಡರ ನಡುವೆ ಹೊರಳಿ ಹೋಗಬೇಕು. ದೊಡ್ಡ ಚಕ್ರಕ್ಕೆ ಸಾಕಾಗುವಷ್ಟು ಚೈನು ಉದ್ದವಿರಬೇಕು. ಸಣ್ಣ ಚಕ್ರದ ಮೇಲಿದ್ದಾಗ ಹೆಚ್ಚಾಗಿ ಉಳಿಯುವುದನ್ನು ಸ್ಪ್ರಿಂಗು ಎಳೆದು ಹಿಡಿಯುತ್ತದೆ. ಆದ್ದರಿಂದ ಕೆಳಗಿನ ಚೈನನ್ನು ಬೆರಳಿನಿಂದ ಒತ್ತಿದರೆ ಬಗ್ಗುತ್ತದೆ. ಬಗ್ಗಲೇಬೇಕು.

ನಮ್ಮ ಕಡೆ ಚೈನು ಬಗ್ಗಬಾರದು. ಬಾಡಿಗೆ ಸೈಕಲ್ಲು ಒಯ್ಯುವವನು ಬ್ರೇಕು ನೋಡುವುದಿಲ್ಲ, ಗಾಳಿ ನೋಡುವುದಿಲ್ಲ. ಹೆಬ್ಬೆರಳಿನಿಂದ ಚೈನು ಒತ್ತುತ್ತಾನೆ. ಇದು ಮೂರ್ಖತನವಲ್ಲ. ಗಣಿಯಿಂದ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ತುಂಡುಗಳನ್ನು ಕ್ಯಾರಿಯರ್ ಮೇಲೆ ಹೇರಿಕೊಂಡು ಬರುವವರ ಊರು ಇದು. ಸಡಿಲ ಚೈನು ಏರಿನಲ್ಲಿ ಜಾರಿದರೆ ಮನುಷ್ಯ ಕೆಳಗೆ, ಕಲ್ಲು ಅವನ ಮೇಲೆ. ಚೈನು ಸಡಿಲವಾದರೆ ಗಾಲಿ ಹಿಂದಕ್ಕೆ ಎಳೆ. ಅದಕ್ಕೂ ಮೀರಿದರೆ ಜೋಡಿ ಕೊಂಡಿ ತೆಗೆದು ಮತ್ತೆ ಜೋಡಿಸು. ಕೊಂಡಿಗೆ ನಮ್ಮಲ್ಲಿ ಕಡಿ ಎನ್ನುತ್ತಾರೆ. ಸಾಮಾನ್ಯ ಸೈಕಲ್ಲಿಗೆ ಈ ನಿಯಮ ನೂರಕ್ಕೆ ನೂರು ಸರಿ.

ಸವಾರ ಇಪ್ಪತ್ತೈದರ ಅಂಚಿನವನು. ಭಂಕೂರಿನಲ್ಲಿ ಫರ್ಸಿ ಕೊಯ್ಯುವ ಯಂತ್ರದ ಮೇಲೆ ಕೆಲಸ. ಅವನ ತಂದೆ ಅದೇ ಕೆಲಸದಲ್ಲಿ ಎದೆಯೊಳಗೆ ಧೂಳು ತುಂಬಿಕೊಂಡು ಮಂಚ ಹಿಡಿದಿದ್ದರು. ಸೈಕಲ್ ಸವಾರರಿಗೆ ರೈಲ್ವೆಯಲ್ಲಿ ಕ್ರೀಡಾ ನೇಮಕಾತಿ ಇತ್ತು. ನಮ್ಮ ಭಾಗದ ಈ ಸ್ಪರ್ಧೆಯಲ್ಲಿ ಮೊದಲ ಮೂವರು ಸಿಕಂದರಾಬಾದಿನ ಕೊನೆಯ ಪರೀಕ್ಷೆಗೆ ಹೋಗಬಹುದು. ಅಲ್ಲಿ ಗೆದ್ದವರಿಗೆ ನೌಕರಿ. ಅವನ ವಯಸ್ಸಿಗೆ ಅದು ಕೊನೆಯ ಅವಕಾಶ. ಕ್ಲಬ್ಬಿನವರು ತಮ್ಮ ಹೆಸರಿನಲ್ಲಿ ಓಡುತ್ತಾನೆಂದು ಆ ಸೈಕಲ್ಲನ್ನು ಅವನ ಕೈಗೆ ಕೊಟ್ಟಿದ್ದರು. ಅದನ್ನು ಅವನು ನನ್ನ ಅಂಗಡಿಯ ಕಟ್ಟೆಗೆ ಒರಗಿಸಿ ಹೇಳಿದ:

"ಚಾಚಾ, ಇದು ಅಳಾಕತ್ತದ."

"ಯಾವಾಗ ಅಳ್ತದ?"

"ತುಳದಾಗೆಲ್ಲ."

"ತುಳಿಯೋದು ಬಿಟ್ರ?"

"ಆವಾಗ ನಾ ಅಳ್ತೀನಿ."

ಎದುರಿನ ಚಹಾದಂಗಡಿಯವ ಕಪ್ಪು ತೊಳೆಯುವುದನ್ನು ಬಿಟ್ಟು ಬಂದ. ಬಗ್ಗಿ, ಹೆಬ್ಬೆರಳಿನಿಂದ ಚೈನು ಒತ್ತಿದ. "ಲೂಸ್ ಅದ ನೋಡ್ರಿ ಸಾಬ್ರ. ಇದಕ್ಕೇನು ಡಾಕ್ಟರ್ ಬೇಕ?" ಎಂದು ಹೇಳಿ ಹೋದ.

ಸೈಕಲ್ಲನ್ನು ನಮ್ಮ ಪದ್ಧತಿಯಂತೆ ತಲೆಕೆಳಗು ಮಾಡಿ ನಿಲ್ಲಿಸಿ, ಕೈಯಿಂದ ಪೆಡಲ್ ತಿರುಗಿಸಿದೆ. ಐದೂ ಚಕ್ರಗಳ ಮೇಲೆ ಸಪ್ಪಳವಿಲ್ಲ. ಡಿರೇಲರಿನ ಸಣ್ಣ ಗಾಲಿಗಳಲ್ಲಿ ಕಲ್ಲು ಕೊಯ್ದ ರಾಡಿ ಒಣಗಿ ಗಚ್ಚಿನ ಹಾಗೆ ಕೂತಿತ್ತು. ಅದೇ ಕಾರಣವೆಂದು ತೀರ್ಮಾನಿಸಿದೆ. ತೋಳನ್ನು ಬಿಚ್ಚಿ, ಗಾಲಿಗಳನ್ನು ತೆಗೆದು, ಚೈನು ಸಮೇತ ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಹನಿ ಹನಿ ಬಿಟ್ಟು ಜೋಡಿಸಿದೆ. ಅವನು ಭಂಕೂರಿಗೆ ಹೋಗಿ ಬಂದ.

"ಕಡಿಮಿ ಆಯ್ತಾ?"

"ತೊಳದ ಮ್ಯಾಲ ದನಿ ಚಲೋ ಆಗ್ಯದ ಚಾಚಾ. ಮೊದಲ ಗೊರಕಿ ಹೊಡೀತಿತ್ತು. ಈಗ ಹಾಡಾಕತ್ತದ."

ತಲೆಕೆಳಗಾದ ಸೈಕಲ್ಲಿನ ಮೇಲೆ ಭಾರವಿರುವುದಿಲ್ಲ ಎಂಬುದು ಆಗ ಹೊಳೆಯಿತು. ಮನುಷ್ಯ ತುಳಿದಾಗ ಚೈನಿನ ಮೇಲೆ ಬೀಳುವ ಎಳೆತ ನನ್ನ ಕೈಯಿಂದ ಬಿದ್ದಿರಲಿಲ್ಲ. ಪತ್ರಿಕೆಯಲ್ಲಾಗಿದ್ದರೆ ಇಂಥ ಕೆಲಸಕ್ಕೆ ಬೈಸಿಕೊಳ್ಳುತ್ತಿದ್ದೆ: ಘಟನೆ ನಡೆಯದ ಜಾಗದಲ್ಲಿ ನಿಂತು ವರದಿ ಬರೆದ ಹಾಗೆ. ಮರುದಿನ ಅವನನ್ನು ಕೂರಿಸಿಕೊಂಡು ಸಾಕ್ಷಿಯನ್ನು ಕೇಳುವಂತೆ ಕೇಳಿದೆ. ಯಾವ ಚಕ್ರದ ಮೇಲಿದ್ದಾಗ ಸಪ್ಪಳ? ದೊಡ್ಡ ಎರಡರ ಮೇಲೆ. ಪೆಡಲ್ ಒಂದು ಸುತ್ತು ಬಂದಾಗ ಒಮ್ಮೆಯೋ, ಬಿಡದೆಯೋ? ಬಿಡದೆ. ಇಳಿಜಾರಿನಲ್ಲಿ? ಇಲ್ಲ. ಪೆಡಲಿನ ಸುತ್ತಿಗೆ ಒಮ್ಮೆ ಬಂದಿದ್ದರೆ ದೋಷ ಮುಂದಿನ ಚಕ್ರದಲ್ಲಿ. ಚೈನಿನ ಸುತ್ತಿಗೆ ಒಮ್ಮೆ ಬಂದಿದ್ದರೆ ಯಾವುದೋ ಒಂದು ಕೊಂಡಿಯಲ್ಲಿ. ಬಿಡದೆ ಬಂದರೆ ಎಲ್ಲೋ ಏನೋ ಓರೆಯಾಗಿ ಉಜ್ಜುತ್ತಿದೆ.

ಸೈಕಲ್ಲನ್ನು ನೆಟ್ಟಗೆ, ಅಂಗಡಿಯ ತೊಲೆಗೆ ಹಗ್ಗದಿಂದ ತೂಗುಹಾಕಿದೆ. ಅವನು ಹಿಂದಿನ ಬ್ರೇಕನ್ನು ಸ್ವಲ್ಪ ಹಿಡಿದ. ನಾನು ಪೆಡಲ್ ತಿರುಗಿಸಿ ಹಿಂದಿನಿಂದ ನೋಡಿದೆ. ಐದು ಚಕ್ರಗಳು ನೆಟ್ಟಗಿವೆ, ಡಿರೇಲರಿನ ತೋಳು ಗಾಲಿಯ ಕಡೆಗೆ ವಾಲಿದೆ. ಅದನ್ನು ಹಿಡಿದ ಕೊಕ್ಕೆಯೇ ಒಳಗೆ ಬಾಗಿತ್ತು. ಕ್ಲಬ್ಬಿನವರು ಸೈಕಲ್ಲನ್ನು ಜೀಪಿನಲ್ಲಿ ತರುವಾಗ ಬಲಮಗ್ಗುಲಾಗಿ, ಅಂದರೆ ಡಿರೇಲರಿನ ಮೇಲೇ, ಮಲಗಿಸಿ ತಂದಿದ್ದರು. ಇದನ್ನು ಅವನೇ ಹೇಳಿದ.

ಕೊಕ್ಕೆ ಉಕ್ಕಿನದು. ಕಾಯಿಸದೆಯೇ ದೊಡ್ಡ ಪಾನಾದಿಂದ ಹಿಡಿದು ಕೂದಲೆಳೆಯಷ್ಟು ಬಾಗಿಸುವುದು, ಕಬ್ಬಿಣದ ಕಡ್ಡಿಯೊಂದನ್ನು ಅಡ್ಡ ಹಿಡಿದು ಗಾಲಿಯ ರಿಮ್ಮಿಗೆ ಮೇಲೆ, ಕೆಳಗೆ, ಹಿಂದೆ, ಮುಂದೆ ಒಂದೇ ಅಂತರವಿದೆಯೇ ನೋಡುವುದು, ಮತ್ತೆ ಬಾಗಿಸುವುದು. ಅವಸರ ಮಾಡಿದರೆ ಕೊಕ್ಕೆ ಮುರಿಯುತ್ತದೆ. ಮುರಿದರೆ ಈ ಸೀಮೆಯಲ್ಲಿ ಇನ್ನೊಂದು ಇಲ್ಲ. ಒಂದು ಇಡೀ ಮಧ್ಯಾಹ್ನ ಅದರಲ್ಲೇ ಹೋಯಿತು. ನಾಲ್ಕು ಚಕ್ರಗಳ ಮೇಲೆ ಸೈಕಲ್ಲು ಮೌನವಾಯಿತು. ಐದನೆಯದು, ಎಲ್ಲಕ್ಕಿಂತ ದೊಡ್ಡದು, ಏರಿಗೆ ಬೇಕಾದದ್ದು, ಅದರ ಮೇಲೆ ಇನ್ನೂ ಕರಕರ ಎನ್ನುತ್ತಿತ್ತು. ಚೈನು ಆ ಚಕ್ರಕ್ಕೆ ಏರಿದ ಕೂಡಲೇ ತೋಳು ಮುಂದಕ್ಕೆ ಚಾಚಿ ನೆಟ್ಟಗಾಗುತ್ತಿತ್ತು. ಸ್ಪ್ರಿಂಗಿನಲ್ಲಿ ಕೊಡಲು ಏನೂ ಉಳಿದಿರಲಿಲ್ಲ. ಚೈನು ಗಿಡ್ಡ.

"ಇದರ ಕಡಿ ಯಾರು ತಗದಾರ?" ಎಂದು ಕೇಳಿದೆ.

"ಕ್ಲಬ್ಬಿನ ಫಿಟ್ಟರು ಒಮ್ಮೆ. ಆಮ್ಯಾಲ ಗಣಿ ಮುಂದಿನ ಅಂಗಡ್ಯಾವ ಒಮ್ಮೆ."

"ನೀ ಸುಮ್ಮ ನೋಡ್ಕೋತ ನಿಂತಿದ್ದಿ?"

"ಪುಕ್ಕಟೆ ಮಾಡ್ತೀನಿ ಅಂದ ಚಾಚಾ."

ತೆಗೆದ ಕೊಂಡಿಗಳು ಎಲ್ಲಿ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಬಿಸಾಕಿದ್ದರು. ಎರಡು ಊರಿನಲ್ಲಿ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಅದೇ ಹೆಬ್ಬೆರಳಿನಿಂದ ಒತ್ತಿ, ಅದೇ ತೀರ್ಮಾನಕ್ಕೆ ಬಂದು, ಅದೇ ಕೆಲಸ ಮಾಡಿದ್ದರು. ಯಂತ್ರದಲ್ಲಿ ಒಂದು ಸ್ಪ್ರಿಂಗು ಕಣ್ಣೆದುರು ಇದೆ; ಅದು ಯಾಕೆ ಇದೆ ಎಂದು ಇಬ್ಬರಲ್ಲಿ ಒಬ್ಬನೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ನನಗೆ ಬಂದ ಸಿಟ್ಟು ಅವರ ಅಜ್ಞಾನದ ಮೇಲಲ್ಲ. ಗೊತ್ತಿಲ್ಲದ ವಸ್ತುವಿನ ಮೇಲೆ ಅಷ್ಟು ಸಲೀಸಾಗಿ ಸುತ್ತಿಗೆ ಎತ್ತುವ ಧೈರ್ಯದ ಮೇಲೆ.

ಗೇರಿನ ಸೈಕಲ್ಲಿನ ಚೈನು ತೆಳುವಾದದ್ದು. ನನ್ನ ಅಂಗಡಿಯಲ್ಲಿದ್ದದ್ದು ಸಾಮಾನ್ಯ ಸೈಕಲ್ಲಿನ ದಪ್ಪ ಚೈನು. ದಪ್ಪ ಕೊಂಡಿಯನ್ನು ತೆಳು ಕೊಂಡಿಯೊಳಗೆ ತೂರಿಸಲಾಗದು, ಆದರೆ ತೆಳುವನ್ನು ದಪ್ಪದೊಳಗೆ ತೂರಿಸಬಹುದು. ತೆಳು ಚೈನಿನ ಒಂದು ಹೊರ ಕೊಂಡಿ ತೆಗೆದು, ಆ ಜಾಗದಲ್ಲಿ ದಪ್ಪ ಚೈನಿನ ಮೂರು ಕೊಂಡಿ ಸೇರಿಸಿದೆ. ಎರಡು ಕೊಂಡಿಯಷ್ಟು ಉದ್ದ ಹೆಚ್ಚಿತು. ದೊಡ್ಡ ಚಕ್ರದ ಕರಕರ ನಿಂತಿತು. ಅದರ ಬದಲು, ಆ ಮೂರು ಕೊಂಡಿಗಳು ಡಿರೇಲರಿನೊಳಗೆ ಹಾಯುವಾಗಲೆಲ್ಲ 'ಟಕ್' ಎಂದು ಪಕ್ಕದ ತಗಡಿಗೆ ಬಡಿಯತೊಡಗಿದವು. ಐದೂ ಚಕ್ರಗಳ ಮೇಲೆ.

ಚಹಾದಂಗಡಿಯವ ಅಲ್ಲಿಂದಲೇ ಕೂಗಿದ: "ಸಾಬ್ರ, ಗಡಿಯಾರ ರಿಪೇರಿನೂ ಸುರು ಮಾಡಿದ್ರೇನು?"

ಈ ರೀತಿ ಸ್ಪರ್ಧೆಗೆ ಕಳಿಸಲು ನನಗೆ ಮನಸ್ಸಿರಲಿಲ್ಲ. ವಾಡಿಯಿಂದ ರೈಲು ಹತ್ತಿ ಸಿಕಂದರಾಬಾದಿಗೆ ಹೋದೆ. ಹೊಸ ತೆಳು ಚೈನು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಹಳೆ ಕಬ್ಬಿಣದ ಬಜಾರಿನಲ್ಲಿ, ಮುರಿದ ಗೇರಿನ ಸೈಕಲ್ಲೊಂದರ ಚೈನು ಸಿಕ್ಕಿತು. ತುಕ್ಕು ಹಿಡಿದಿತ್ತು, ಆದರೆ ಎಳೆದು ನೋಡಿದರೆ ಸವೆದಿರಲಿಲ್ಲ. ತಂದು ಸೀಮೆಎಣ್ಣೆಯಲ್ಲಿಟ್ಟು, ಒಂದೊಂದೇ ಕೊಂಡಿಯನ್ನು ಬೆರಳಿನಿಂದ ಆಡಿಸಿ ಬಿಗಿ ಬಿಡಿಸಿ ಹಾಕಿದೆ. ಉದ್ದ ಸರಿಯಾಗಿ ಹೊಂದಿತು, ಒಂದು ಕೊಂಡಿಯೂ ಉಳಿಯಲಿಲ್ಲ. ಮೊದಲಿನ ಚೈನಿನಿಂದ ಮೂರು ದಪ್ಪ ಕೊಂಡಿಗಳನ್ನು ಬಿಚ್ಚಿ ಹತ್ಯಾರಗಳ ಚೀಲಕ್ಕೆ ಹಾಕಿ, ಉಳಿದ ಗಿಡ್ಡ ತೆಳು ಚೈನನ್ನು ಅಂಗಡಿಯ ಗೂಟಕ್ಕೆ ಸಿಕ್ಕಿಸಿದೆ.

ಡಿರೇಲರಿನ ಎರಡು ಸಣ್ಣ ತಿರುಪುಗಳನ್ನು ಹೊಂದಿಸಿ, ತಂತಿ ಬಿಗಿದು, ಅವನ ಕೈಗೆ ಕೊಟ್ಟೆ. ಅವನು ವಾಡಿ ದಾಟಿ ಚಿತ್ತಾಪುರದವರೆಗೆ ಹೋಗಿ ಬಂದ. ಇಳಿದು ಸೈಕಲ್ಲನ್ನು ಕಟ್ಟೆಗೆ ಒರಗಿಸಿದ. ಸಪ್ಪಳ ಹ್ಯಾಂಗದ ಎಂದು ಕೇಳಿದೆ.

"ಟಯರಿನ ಸಪ್ಪಳ ಕೇಳ್ತದ ಚಾಚಾ," ಎಂದ. "ಇಷ್ಟು ದಿನ ಟಯರಿಗೆ ಸಪ್ಪಳ ಅದ ಅಂತ ನನಗ ಗೊತ್ತೇ ಇರಲಿಲ್ಲ."

ಮುಂದಿನ ದಿನಗಳಲ್ಲಿ ಕೆಲಸ ಮುಗಿಸಿ ಪ್ರತಿ ಸಂಜೆ ಓಡಿಸಿದ. ಚೈನು ಒಂದು ಸಲವೂ ಜಾರಲಿಲ್ಲ. ಚಹಾದಂಗಡಿಯವ ಎರಡು ಸಲ ಹೆಬ್ಬೆರಳು ಚಾಚಿದ; ಎರಡು ಸಲವೂ ನಾನು ಕೈ ತಳ್ಳಿದೆ.

ದಸರೆ ಬಂತು. ಖಂಡೆಪೂಜೆಯ ದಿನ ಕಾರ್ಖಾನೆಯಲ್ಲಿ ಯಂತ್ರ, ಹತ್ಯಾರ, ಜೀಪು ಎಲ್ಲಕ್ಕೂ ಪೂಜೆ. ಕ್ಲಬ್ಬಿನ ಕಾರ್ಯದರ್ಶಿ ಹೇಳಿಕಳಿಸಿದರು: ಸ್ಪರ್ಧೆಗೆ ಹೋಗುವ ಸೈಕಲ್ಲಿಗೂ ಪೂಜೆಯಾಗಬೇಕು, ಫೋಟೋ ತೆಗೆಸಬೇಕು. ಸವಾರ ಒಯ್ದು ಕೊಟ್ಟ. ಕೊಟ್ಟ ಮೇಲೆ ನನಗೆ ಬಂದು ಹೇಳಿದ.

"ಯಾಕ ಕೊಟ್ಟಿ?"

"ಸೈಕಲ್ ಅವರದು ಚಾಚಾ. ಕೊಡಂಗಿಲ್ಲ ಅನ್ನಾಕ ನಾ ಯಾರು?"

"ಪೂಜಿ ಆದ ಮ್ಯಾಲ ತರ್ತಿಯಲ್ಲ?"

"ಜೀಪಿನಾಗ ಸೀದಾ ಸೇಡಂಕ ತರ್ತೀವಿ ಅಂದಾರ."

"ಯಾರೂ ಕೈ ಹಚ್ಚಬಾರದು ಅಂತ ಹೇಳಿದಿ?"

"ಹೇಳಿದೆ. ಕೈ ಹಚ್ಚದ ಹಾರ ಹ್ಯಾಂಗ ಹಾಕ್ಬೇಕೋ ಅಂದ್ರು."

ಸ್ಪರ್ಧೆಯ ಬೆಳಿಗ್ಗೆ ನಾನು ಬಾತ್ಮೀದಾರನಾಗಿ ಸೇಡಂಗೆ ಹೋದೆ. ಹತ್ಯಾರಗಳ ಚೀಲ ಹೆಗಲಲ್ಲಿತ್ತು. ಅದಿಲ್ಲದೆ ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಶಾಲೆಯ ಬಯಲಿನಲ್ಲಿ ಸವಾರರು ಸೇರಿದ್ದರು. ಕ್ಲಬ್ಬಿನ ಜೀಪು ಬಂತು. ಸೈಕಲ್ಲನ್ನು ಇಳಿಸಿದರು. ಹ್ಯಾಂಡಲಿಗೆ ಬಾಡಿದ ಚೆಂಡುಹೂವಿನ ಹಾರ, ಟಯರಿಗೆ ವಿಭೂತಿಯ ಪಟ್ಟೆ, ಡಿರೇಲರಿನ ಮೇಲೆ ಅರಿಶಿನ ಕುಂಕುಮ. ಚೈನು ಗಿಟಾರಿನ ತಂತಿಯ ಹಾಗೆ ಬಿಗಿಯಾಗಿತ್ತು.

ಕ್ಲಬ್ಬಿನ ಫಿಟ್ಟರ್ ಪಕ್ಕದಲ್ಲೇ ನಿಂತಿದ್ದ. ನನ್ನ ವಯಸ್ಸಿನವನೇ, ಕೆಲಸಗಾರ, ಕುಡುಕನಲ್ಲ, ಕೆಟ್ಟವನಲ್ಲ.

"ಕಡಿ ತಗದೀಯಾ?"

"ಎರಡು ತಗದೀನ್ರಿ ಸಾಬ್ರ. ಭಾಳ ಜೋಲಿ ಬಿದ್ದಿತ್ತು."

"ನಿನಗ ಯಾರು ಹೇಳಿದ್ರು?"

"ಯಾರ್ ಹೇಳ್ಬೇಕ್ರಿ? ಪೂಜಿಗೆ ಇಟ್ಟ ಸಾಮಾನು ಸಡಲ ಇರಬಾರದು. ದೇವಿ ಮುಂದ ಇಡೋದು, ನೆಟ್ಟಗ ಮಾಡಿ ಇಡ್ಬೇಕಲ್ರಿ."

ಕಾರ್ಯದರ್ಶಿ ಜೀಪಿನ ಮುಂದಿನ ಸೀಟಿನಿಂದಲೇ ಸೇರಿಸಿದರು: "ಫೋಟೋದಾಗೂ ಜೋಲಿ ಕಾಣ್ತಿತ್ತು."

"ತಗದ ಕಡಿ ಎಲ್ಲಿ?" ಎಂದು ಫಿಟ್ಟರನನ್ನು ಕೇಳಿದೆ.

"ಕಸದಾಗ ಹ್ವಾದ್ವು."

ಅವನಿಗೆ ಹೇಳಬೇಕಾದದ್ದು ಬಹಳ ಇತ್ತು, ಹೊತ್ತು ಇರಲಿಲ್ಲ. ಚೀಲ ಕೆಳಗಿಳಿಸಿ ಬಿಚ್ಚಿದೆ.

ಇದ್ದ ದಾರಿ ಎರಡು. ತಿರುಪು ಬಿಗಿದು ದೊಡ್ಡ ಚಕ್ರಕ್ಕೆ ಚೈನು ಏರದಂತೆ ತಡೆಯಬಹುದು. ಆಗ ಸೈಕಲ್ಲು ಮೌನವಾಗಿ, ಸುರಕ್ಷಿತವಾಗಿ ಓಡುತ್ತದೆ. ಆದರೆ ಚಿಂಚೋಳಿ ಸಮೀಪದ ಏರಿನಲ್ಲಿ ಹಗುರವಾದ ಗೇರು ಇರುವುದಿಲ್ಲ. ಇಲ್ಲವೆ, ಚೀಲದಲ್ಲಿದ್ದ ದಪ್ಪ ಕೊಂಡಿಗಳನ್ನು ಮತ್ತೆ ಹಾಕಬಹುದು. ಐದೂ ಚಕ್ರ ಸಿಗುತ್ತವೆ, ಸಪ್ಪಳವೂ ಬರುತ್ತದೆ. ಆದರೆ ದಪ್ಪ, ತೆಳು ಸೇರುವ ಕೀಲು ದುರ್ಬಲವಾಗಿರುತ್ತದೆ. ತೆಳು ಕೊಂಡಿಗಳಿದ್ದ ಹಳೆಯ ಚೈನು ಶಹಾಬಾದಿನ ಗೂಟದಲ್ಲಿ ನೇತಾಡುತ್ತಿತ್ತು. ಸವಾರನಿಗೆ ಎರಡನ್ನೂ ಹೇಳಿದೆ.

"ದೊಡ್ಡ ಹಲ್ಲು ಇಲ್ದ ಆ ಏರು ಏರಾಕ ಆಗಂಗಿಲ್ಲ ಚಾಚಾ."

"ಹಾಕಿದ್ರ ಸಪ್ಪಳ ಬರ್ತದ."

"ಬರ್ಲಿ. ಸಪ್ಪಳಕ್ಕೇನು ನಂಬರ್ ಕಡಿಮಿ ಮಾಡ್ತಾರೇನು?"

ದಾರಿ ಪಕ್ಕದ ಫರ್ಸಿ ತುಂಡೊಂದನ್ನು ಎಳೆದುಕೊಂಡು, ಅದರ ಮೇಲೆ ಚೈನು ಇಟ್ಟು, ಪಂಚಿನಿಂದ ಪಿನ್ನು ಹೊರಡಿಸಿದೆ. ಒಂದು ತೆಳು ಕೊಂಡಿ ಹೊರಗೆ, ಮೂರು ದಪ್ಪ ಕೊಂಡಿ ಒಳಗೆ. ಪಿನ್ನಿನ ತುದಿಗಳನ್ನು ಸಣ್ಣ ಏಟಿನಿಂದ ಅರಳಿಸಿ, ಕೀಲು ಬಿಗಿಯಾಗದಂತೆ ಅತ್ತಿತ್ತ ಆಡಿಸಿದೆ. ವಾರಗಟ್ಟಲೆ ಹುಡುಕಿ ತೆಗೆದ ಸಪ್ಪಳವನ್ನು ನಾನೇ ನನ್ನ ಕೈಯಾರೆ ಮತ್ತೆ ಒಳಗೆ ಹಾಕಿದೆ. ಕಾರ್ಯದರ್ಶಿ ಮುಖ್ಯ ಅತಿಥಿಗಳ ಜೊತೆ ಮಾತನಾಡುತ್ತಿದ್ದರು. ಸವಾರರನ್ನು ಸಾಲಾಗಿ ನಿಲ್ಲಿಸುವ ಹೊತ್ತಿಗೆ ಕೆಲಸ ಮುಗಿದಿತ್ತು.

ತೀರ್ಪುಗಾರರ ಹಿಂದಿನ ಜೀಪಿನಲ್ಲಿ ನನಗೆ ಜಾಗವಿತ್ತು. ತೊಗರಿ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಸವಾರರ ಗುಂಪು ಒಂದಾಗಿಯೇ ಹೋಯಿತು. ಜೀಪು ಹತ್ತಿರ ಬಂದಾಗಲೆಲ್ಲ, ಬೇರೆ ಸೈಕಲ್ಲುಗಳ ನಡುವೆ ಅವನದು ಯಾವುದು ಎಂದು ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಟಕ್, ಸ್ವಲ್ಪ ಬಿಟ್ಟು ಟಕ್. ಪಕ್ಕದಲ್ಲಿದ್ದ ತೀರ್ಪುಗಾರರು "ಅದೇನ್ರಿ ಸಪ್ಪಳ?" ಎಂದರು. "ಚೈನಿಂದು," ಎಂದೆ. ನಾನು ಕೇಳುತ್ತಿದ್ದುದು ಸಪ್ಪಳವನ್ನಲ್ಲ, ಅದು ನಿಂತೀತೇ ಎಂಬುದನ್ನು. ನಿಂತರೆ ಕೀಲು ಬಿಟ್ಟಿತೆಂದು ಅರ್ಥ.

ಏರು ಬಂತು. ಸಾಮಾನ್ಯ ಸೈಕಲ್ಲಿನವರು ಸೀಟಿನಿಂದ ಎದ್ದು ತುಳಿಯತೊಡಗಿದರು, ಕೆಲವರು ಇಳಿದು ತಳ್ಳಿದರು. ಅವನು ಕುಳಿತೇ ಇದ್ದ. ದೊಡ್ಡ ಚಕ್ರಕ್ಕೆ ಚೈನು ದಾಟಿದ್ದು ನನಗೆ ಕಂಡಿತು. ಟಕ್ ಟಕ್ ಎನ್ನುವುದು ತಡೆತಡೆದು ಬಂದರೂ ಬರುತ್ತಲೇ ಇತ್ತು. ಏರಿನ ತಲೆಗೆ ಅವನಿಗಿಂತ ಮುಂದೆ ಒಬ್ಬನೇ ಉಳಿದಿದ್ದ, ಅವನದೂ ಗೇರಿನ ಸೈಕಲ್ಲು. ಚಂದಾಪುರದ ಬಜಾರಿಗೆ ಅದೇ ಕ್ರಮದಲ್ಲಿ ಬಂದರು. ಚೈನು ಹರಿದಿರಲಿಲ್ಲ.

ಬಹುಮಾನ ಹಂಚುವ ಮುಂಚೆ ಕಾರ್ಯದರ್ಶಿ ಸೈಕಲ್ಲಿನ ಹತ್ತಿರ ಬಂದರು. ಸವಾರ ಇನ್ನೂ ಏದುಸಿರು ಬಿಡುತ್ತಿದ್ದ.

"ಗಣ್ಯರ ಎದುರಿಗೆ ಟಕ್ ಟಕ್ ಅಂತ ಬಂದಿ. ಇದು ನಮ್ಮ ಕ್ಲಬ್ಬಿನ ಸೈಕಲ್ಲೋ, ಹಾಲಿನವನ ಸೈಕಲ್ಲೋ?" ಎಂದರು. ಬಗ್ಗಿ ಚೈನು ನೋಡಿದರು. ದಪ್ಪ ಕೊಂಡಿಗಳು ಯಾರಿಗಾದರೂ ಕಾಣುವಂತಿದ್ದವು. "ವಿದೇಶಿ ಮಾಲಿಗೆ ಖಟಾರಾ ಕಡಿ ಹಾಕಿ ಕೆಡಿಸ್ಯಾರ. ಯಾರು ಹಾಕಿದ್ದು?"

"ನಾ ಹಾಕೀನಿ," ಎಂದೆ. "ನಿಮ್ಮ ಫಿಟ್ಟರು ಎರಡು ತಗದಿದ್ದಕ್ಕ ಹಾಕೀನಿ. ಸರಿ ಕಡಿ ನನ್ನ ಅಂಗಡ್ಯಾಗ ಅವ. ಕೊಡ್ರಿ, ನಾಳಿ ಸುದ್ದ ಮಾಡಿ ತರ್ತೀನಿ."

"ನೀವು ಕೈ ಹಚ್ಚಬ್ಯಾಡ್ರಿ ಸಾಬ್ರ. ಹಚ್ಚಿದ್ದು ಸಾಕು."

ಸೈಕಲ್ಲನ್ನು ಜೀಪಿಗೆ ಏರಿಸಿದರು. ಬಲಮಗ್ಗುಲಾಗಿ ಮಲಗಿಸಿದರು. ಸವಾರ ಮತ್ತು ನಾನು ಬಸ್ಸಿನಲ್ಲಿ ಬಂದೆವು. ದಾರಿಯಲ್ಲಿ ಅವನು ಬಹುಮಾನದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದ.

ಸಿಕಂದರಾಬಾದಿನ ಪರೀಕ್ಷೆಗೆ ಇನ್ನೂ ಕೆಲವು ವಾರಗಳಿದ್ದವು. ಅವನು ಮೂರು ಸಲ ಕ್ಲಬ್ಬಿಗೆ ಹೋಗಿ ಕೇಳಿದ. ಕೊನೆಗೆ ಒಂದು ಷರತ್ತು ಬಂತು. ಅದನ್ನು ಹೇಳಲು ಅಂಗಡಿಗೆ ಬಂದವನು ಬಹಳ ಹೊತ್ತು ಪಂಪು ಹಿಡಿದು, ಗಾಳಿ ತುಂಬಿದ ಟಯರಿಗೇ ಮತ್ತೆ ಗಾಳಿ ಹಾಕುತ್ತ ನಿಂತ.

"ಕಮಿಟಿ ಮುಂದ ಒಂದು ಮಾತು ಹೇಳ್ಬೇಕಂತ ಚಾಚಾ. ಅಂಗಡಿ ಸಾಬರು ನನ್ನ ಕೇಳದ, ಕ್ಲಬ್ಬಿನವರನ್ನೂ ಕೇಳದ, ತಾವೇ ಕಡಿ ಹಾಕಿ ಸೈಕಲ್ ಕೆಡಿಸಿದ್ರು ಅಂತ. ಹೇಳಿದ್ರ ಕೊಡ್ತಾರಂತ."

"ಹೇಳು," ಎಂದೆ.

"ನಿಮ್ಮ ಹೆಸರು ಕೆಡ್ತದ."

"ನನ್ನ ಹೆಸರು ತಗೊಂಡು ನೀ ಏನ್ ಮಾಡ್ತಿ? ಸೈಕಲ್ ತಗೋ. ತಂದ ಕೂಡ್ಲೇ ಇಲ್ಲಿಗೆ ಬಾ. ಆ ಮೂರು ತಗದು ತೆಳು ಹಾಕಿ ಕೊಡ್ತೀನಿ, ಅರ್ಧ ತಾಸಿನ ಕೆಲಸ."

ಅವನು ತಲೆಯಾಡಿಸಿ ಹೋದ. ಚೈನನ್ನು ಗೂಟದಿಂದ ಇಳಿಸಿ, ಬೇಕಾದ ಕೊಂಡಿಗಳನ್ನು ಬೇರೆ ಮಾಡಿ, ಎಣ್ಣೆಯಲ್ಲಿ ನೆನೆಹಾಕಿ ಕಾಯುತ್ತಿದ್ದೆ.

ಕಮಿಟಿಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅಲ್ಲಿದ್ದ ಫಿಟ್ಟರ್ ಆಮೇಲೆ ಹೇಳಿದ್ದನ್ನು ಬರೆಯುತ್ತಿದ್ದೇನೆ. ಸವಾರನನ್ನು ನಿಲ್ಲಿಸಿ ಕೇಳಿದರು. ಅವನು, "ಮೂರು ಹಾಕಿದ್ದು ನಾ ಹೇಳಿದ್ದಕ್ಕ. ಎರಡು ತಗದಿದ್ದು ನೀವು," ಎಂದ. ಇನ್ನೊಮ್ಮೆ ಯೋಚಿಸಿ ಹೇಳು ಎಂದರು. ಅದನ್ನೇ ಹೇಳಿದ. ಫಿಟ್ಟರನನ್ನು, ನೀನು ತೆಗೆದದ್ದು ಹೌದೇ ಎಂದು ಯಾರೂ ಕೇಳಲಿಲ್ಲ. "ಕೇಳಿದ್ರ ಹೌದು ಅಂತಿದ್ದೆ ನೋಡ್ರಿ," ಎಂದು ಫಿಟ್ಟರ್ ನನ್ನ ಮುಂದೆ ಹೇಳಿದ. ಕೇಳದೆಯೂ ಹೇಳಬಹುದಿತ್ತು ಎಂದು ನಾನು ಅವನಿಗೆ ಹೇಳಿದೆ.

ಆ ದಿನ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಸವಾರನ ಮೇಲೆ. ಅವನು ಅಂಗಡಿಗೆ ಬಂದಾಗ ಕೂಡು ಎಂದೂ ಹೇಳಲಿಲ್ಲ.

"ಒಂದು ಮಾತು ಹೇಳಿದ್ರ ಏನ್ ಗಂಟು ಹೋಗ್ತಿತ್ತು ನಿಂದು?"

"ಬಾಯಿಗಿ ಬರ್ಲಿಲ್ಲ ಚಾಚಾ."

"ನನ್ನ ಮ್ಯಾಲ ಕರುಣಾ ತೋರ್ಸಾಕ ಯಾರು ಹೇಳಿದ್ರು ನಿನಗ? ನನಗ ಅಂಗಡಿ ಅದ. ನಿನಗೇನದ?"

"ನಿಮ್ಮ ಸಲುವಾಗಿ ಅಲ್ಲ. ಅವರು ನಾಲ್ಕು ಮಂದಿ ಕುರ್ಚಿ ಮ್ಯಾಲ ಕುಂತಿದ್ರು. ನಾ ನಿಂತಿದ್ದೆ. ಏನ್ ಹೇಳ್ಬೇಕಂತ ಅವರೇ ಹೇಳಿಕೊಟ್ಟು, ಈಗ ನೀನೇ ಹೇಳು ಅಂದ್ರು. ಆವಾಗ ಬಾಯಿಗಿ ಬರ್ಲಿಲ್ಲ."

ಬಾಡಿಗೆಯ ಸೈಕಲ್ಲುಗಳಲ್ಲಿ ಒಳ್ಳೆಯದನ್ನು ಆರಿಸಿದೆ. ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರ್, ಬೆಲ್ಲು, ಚೈನಿನ ಮುಚ್ಚಳ, ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿದೆ. ಹಿಂದಿನ ಹಲ್ಲುಚಕ್ರವನ್ನು ಸಣ್ಣದಕ್ಕೆ ಬದಲಿಸಿದೆ. ಬೇರಿಂಗುಗಳಲ್ಲಿ ಗ್ರೀಸು ತೆಗೆದು ತೆಳು ಎಣ್ಣೆ ಬಿಟ್ಟೆ. ಗಾಲಿಗಳ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ಓಟ ನೇರ ಮಾಡಿದೆ. ಒಂದೇ ಗೇರಿನ ಸೈಕಲ್ಲಿನಿಂದ ಇದಕ್ಕಿಂತ ಹೆಚ್ಚು ಹೊರಡಿಸಲು ನನಗೆ ಗೊತ್ತಿರಲಿಲ್ಲ. ವಾಡಿಯಿಂದ ಅವನು ಅದನ್ನು ರೈಲಿನ ಲಗೇಜ್ ಡಬ್ಬಿಯಲ್ಲಿ ಹಾಕಿಕೊಂಡು ಹೋದ.

ಸಿಕಂದರಾಬಾದಿನಲ್ಲಿ ಅವನು ಆರನೆಯವನಾದ. ಅವನ ಮುಂದೆ ಬಂದ ಐವರೂ ಗೇರಿನ ಸೈಕಲ್ಲಿನವರು. ಆರಿಸಿದ್ದು ನಾಲ್ವರನ್ನು.

ಮುಂದಿನ ವರ್ಷ ಅವನ ವಯಸ್ಸು ಮೀರಿತು. ಕಾರ್ಯದರ್ಶಿ ಬೇರೆ ಊರಿಗೆ ವರ್ಗವಾಗಿ ಹೋದರು. ಸವಾರನ ತಂದೆ ತೀರಿಕೊಂಡರು. ಕಳೆದ ತಿಂಗಳು ನಾನು ಭಂಕೂರಿಗೆ ಹೋದಾಗ ಅವನು ಮನೆಯಲ್ಲಿರಲಿಲ್ಲ. ಎರಡನೆಯ ಪಾಳಿಗೆ ಹೋಗಿದ್ದಾನೆ, ಫರ್ಸಿ ಕೊಯ್ಯುವ ಅದೇ ಯಂತ್ರದ ಮೇಲೆ ಇದ್ದಾನೆ ಎಂದು ಅವನ ಹೆಂಡತಿ ಹೇಳಿದಳು.